ಸಹಾಯ ಬೇಕು: ಯಾರು ಯಾವ ಯೋಜನೆಯಲ್ಲಿದ್ದಾರೆ ಎಂಬುದನ್ನು ಜಾಲಚಿತ್ರವಾಗಿಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಉಡುಪಿಯಲ್ಲಿ ನಮ್ಮದೊಂದು ಸ್ವಯಂಸೇವಕರ ಬಳಗವಿದೆ. ಮಲ್ಪೆ ಕಡಲತೀರದ ಸ್ವಚ್ಛತೆ, ಸ್ವರ್ಣಾ ನದಿಯ ದಂಡೆಯಲ್ಲಿ ಗಿಡ ನೆಡುವುದು, ಮಕ್ಕಳಿಗೆ ಯಕ್ಷಗಾನ ತರಗತಿ, ಹೀಗೆ 11 ಯೋಜನೆಗಳು, 64 ಜನ. ಯಾರ ಮೇಲೆ ಹೊರೆ ಹೆಚ್ಚಾಗಿದೆ, ಯಾರು ಬಿಟ್ಟುಹೋದರೆ ಎರಡು ತಂಡಗಳ ನಡುವಿನ ಕೊಂಡಿಯೇ ಕಳಚುತ್ತದೆ ಎಂಬುದು, ಜನ ಮತ್ತು ಯೋಜನೆಗಳನ್ನು ಬಿಂದುಗಳಾಗಿ, ಅವರ ನಂಟನ್ನು ಗೆರೆಗಳಾಗಿ ತೋರಿಸುವ ಜಾಲಚಿತ್ರದಲ್ಲಿ ಒಂದೇ ನೋಟಕ್ಕೆ ಕಾಣಬೇಕು. ಮಳೆಗಾಲದ ಕೆಲಸ ಹಂಚುವ ಮೊದಲೇ ಬೇಕು.

ನಮ್ಮ ಎಕ್ಸೆಲ್ ಹಾಳೆಯಲ್ಲಿ ಒಬ್ಬರಿಗೆ ಒಂದು ಸಾಲು, ಒಂದು ಯೋಜನೆಗೆ ಒಂದು ಕಾಲಂ, ಭಾಗವಹಿಸಿದಲ್ಲಿ ‘ಹೌದು’. ಎಕ್ಸೆಲ್‌ನಲ್ಲೇ ಇರುವ, ಪಟ್ಟಿಗಳ ರೂಪ ಬದಲಿಸುವ ಪವರ್ ಕ್ವೆರಿಯ ‘ಅನ್‌ಪಿವಟ್ ಅದರ್ ಕಾಲಮ್ಸ್’ ಬಳಸಿ ಅದನ್ನು ವ್ಯಕ್ತಿ–ಯೋಜನೆ ಜೋಡಿಗಳ ಉದ್ದ ಪಟ್ಟಿಯಾಗಿಸಿದೆ. ಖಾಲಿ ಕೋಶಗಳು ತಾವಾಗಿಯೇ ಬಿಟ್ಟುಹೋದವು. ಕಾಲಂಗಳಿಗೆ ‘ಸೋರ್ಸ್’, ‘ಟಾರ್ಗೆಟ್’ ಎಂದು ಹೆಸರಿಟ್ಟು, ಜಾಲಚಿತ್ರ ಬಿಡಿಸುವ ತಂತ್ರಾಂಶವಾದ ಗೆಫಿಗೆ ಕೊಟ್ಟಾಗ ಚಿತ್ರ ಮೂಡಿತು. ಆ ಕ್ಷಣ ನಿಜಕ್ಕೂ ಸಂತೋಷವಾಯಿತು.

ತೊಡಕು ಮುಂದಿನದು. ಯೋಜನೆಗಳ ಬಿಂದುಗಳನ್ನು ತೆಗೆದು, ಒಂದೇ ಯೋಜನೆಯಲ್ಲಿರುವ ವ್ಯಕ್ತಿಯಿಂದ ವ್ಯಕ್ತಿಗೆ ನೇರ ಗೆರೆ ಎಳೆಯಬೇಕು. ಪಟ್ಟಿಯನ್ನು ಯೋಜನೆಯ ಹೆಸರಿನ ಮೂಲಕ ಅದಕ್ಕೇ ಜೋಡಿಸಿದರೆ ಪ್ರತಿ ಜೋಡಿಯೂ ಎರಡು ಬಾರಿ ಬರುತ್ತದೆ, ತನಗೆ ತಾನೇ ಜೋಡಿಯಾದ ಸಾಲುಗಳೂ ಸೇರುತ್ತವೆ. ಅದನ್ನು ಸೋಸಿದರೂ, 30 ಜನರಿರುವ ಮಲ್ಪೆಯ ಕೆಲಸವೊಂದೇ 435 ಗೆರೆಗಳನ್ನು ಹುಟ್ಟಿಸಿ ಉಳಿದದ್ದನ್ನೆಲ್ಲ ಮುಚ್ಚಿಬಿಡುತ್ತದೆ. ಇಬ್ಬರೇ ಸೇರಿ ವರ್ಷವಿಡೀ ನಡೆಸಿದ ಕೆಲಸದ ನಂಟು ಅದಕ್ಕಿಂತ ಗಟ್ಟಿಯಲ್ಲವೇ? ತಂಡ ದೊಡ್ಡದಾದಷ್ಟೂ ಗೆರೆಯ ತೂಕ ತಗ್ಗುವಂತೆ, ಅಂದರೆ ಪ್ರತಿ ಯೋಜನೆಯ ಸದಸ್ಯರ ಸಂಖ್ಯೆಯಲ್ಲಿ ಒಂದು ಕಳೆದು ಅದರಿಂದ ಭಾಗಿಸುವಂತೆ, ಪವರ್ ಕ್ವೆರಿಯಲ್ಲೇ ಬರೆಯುವುದು ಹೇಗೆ? ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯ ದತ್ತಾಂಶ ಸಲಕರಣೆಯಾದ ಪಾಂಡಾಸ್‌ನಲ್ಲಿ ಸುಲಭವೆಂದರೆ ಅದನ್ನೂ ಕಲಿಯುತ್ತೇನೆ.

ಇನ್ನೊಂದು: ಒಬ್ಬರದೇ ಹೆಸರು ಇನಿಷಿಯಲ್ ಸಹಿತ ಮತ್ತು ರಹಿತವಾಗಿ ಬಂದು ಎರಡು ಬಿಂದುಗಳಾಗಿವೆ. ಹೆಸರುಗಳ ಬದಲು ಸಂಖ್ಯೆಗಳಿರುವ ಮಾದರಿ ಹಾಳೆ ಸಿದ್ಧವಿದೆ, ಕೇಳಿದವರಿಗೆ ಕಳುಹಿಸುತ್ತೇನೆ. ಮಣಿಪಾಲ ಅಥವಾ ಮಂಗಳೂರಿನಲ್ಲಿ ಯಾರಾದರೂ ಎದುರು ಕುಳಿತು ತೋರಿಸುವುದಾದರೆ ಭಾನುವಾರ ನಾನೇ ಬರುತ್ತೇನೆ.