ವೃದ್ಧಾಶ್ರಮದಲ್ಲಿ ಕೆಮ್ಮು ಒಬ್ಬರಿಂದ ಒಬ್ಬರಿಗೆ ಹಬ್ಬುತ್ತಿದೆ, ಅನುಭವ ಇರೋರು ಹೇಳಿ

ಹಾಸನದ ಸೊಸೆ: ನಮ್ಮತ್ತೆಗೆ 79. ಹಾಸನದ ಹೊರಗೆ ಒಂದು ಆಶ್ರಮದಲ್ಲಿದ್ದಾರೆ, ಒಂದೇ ಹಾಲ್‌ನಲ್ಲಿ ಎಂಟು ಮಂಚ. ಸೋಮವಾರ ಒಬ್ಬರಿಗೆ ಕೆಮ್ಮು ಶುರುವಾಯ್ತು, ಗುರುವಾರಕ್ಕೆ ಐದು ಜನಕ್ಕೆ. ಅತ್ತೆಗೆ ಇನ್ನೂ ಏನಿಲ್ಲ. ಮನೆಗೆ ಕರ್ಕೊಂಡು ಬರೋಣ ಅಂದ್ರೆ ಒಂದೂವರೆ ವರ್ಷದ ಮಗು ಇದೆ. ಏನು ಮಾಡ್ಲಿ?

ಮೂಡಿಗೆರೆ ಮಗಳು: 2023ರ ಮಳೆಗಾಲದಲ್ಲಿ ನಮ್ಮಮ್ಮನಿಗೆ ಆಗಿದ್ದು ಹೇಳ್ತೀನಿ. ಜ್ವರ ಬರಲೇ ಇಲ್ಲ. ಥರ್ಮಾಮೀಟರ್ ಇಟ್ಟಾಗೆಲ್ಲ 98. ಅಕ್ಕಿ ರೊಟ್ಟಿ ಮುರಿದು ತಟ್ಟೆಯಲ್ಲೇ ಇಟ್ಕೊಂಡು ಸುಮ್ನೆ ಕೂತಿರ್ತಿದ್ರು, ನನ್ನನ್ನ ಚಿಕ್ಕಮ್ಮನ ಹೆಸರಲ್ಲಿ ಕರೆದ್ರು. ವಯಸ್ಸಾಯ್ತಲ್ಲ ಅಂದ್ಕೊಂಡು ಎರಡು ದಿನ ಬಿಟ್ವಿ. ಮೂರನೇ ದಿನ ಬೆರಳಿಗೆ ಆಕ್ಸಿಮೀಟರ್ ಹಾಕಿದ್ರೆ ರಕ್ತದ ಆಕ್ಸಿಜನ್ ಬರೀ 86! ಆಂಬುಲೆನ್ಸ್ 3,500, ಐಸಿಯು ಐದು ದಿನ, ವಾರ್ಡ್ ನಾಲ್ಕು ದಿನ, ಎಲ್ಲಾ ಸೇರಿ 1,34,600. ಆ ಮೇ ತಿಂಗಳಲ್ಲೇ ಡಾಕ್ಟ್ರು ಫ್ಲೂ ಲಸಿಕೆ ಬರೆದುಕೊಟ್ಟಿದ್ರು. 1,850 ಅಂತ ಮುಂದಕ್ಕೆ ಹಾಕಿದ್ದು ನಾನೇ. ಆ ಬಿಲ್ ಇವತ್ತಿಗೂ ಬೀರುವಿನಲ್ಲಿದೆ. ಈಗ ಪ್ರತಿವರ್ಷ ಮಳೆ ಹಿಡಿಯೋ ಮೊದಲೇ ಹಾಕಿಸ್ತೀನಿ, ನ್ಯುಮೋನಿಯಾದ್ದೂ ಆಯ್ತು.

ಆಶ್ರಮ ನಡೆಸಿದವನು, ಚಿಕ್ಕಮಗಳೂರು: ಲಸಿಕೆ ಸರಿ, ಆದ್ರೆ ಕಾಯಿಲೆ ಒಳಗೆ ಬರೋದು ಯಾರ ಜೊತೆ ಅಂತ ಯಾರೂ ಕೇಳಲ್ಲ. ನಮ್ಮಲ್ಲಿ ಒಂದು ಸಲ 19 ಜನರಲ್ಲಿ 11 ಜನ ಮಲಗಿದ್ರು, ಇಬ್ಬರು ಉಳೀಲಿಲ್ಲ. ಆಮೇಲೆ ಗೊತ್ತಾಯ್ತು, ಒಬ್ಬ ಆಯಾ ಮೂರು ದಿನದಿಂದ ಕೆಮ್ಮುತ್ತಾ ಕೆಲಸಕ್ಕೆ ಬಂದಿದ್ಲು. ರಜೆ ಹಾಕಿದ್ರೆ ದಿನದ 450 ಹೋಗುತ್ತಲ್ಲ. ಸೆರಗಲ್ಲಿ ಬಾಯಿ ಒರೆಸ್ಕೊಂಡು ಅದೇ ಕೈಯಲ್ಲಿ ಆರು ಜನಕ್ಕೆ ಗಂಜಿ ಕುಡಿಸಿದಾಳೆ. ತಪ್ಪು ಅವಳದ್ದಲ್ಲ, ಸಂಬಳ ಹಿಡಿಯೋ ಪದ್ಧತಿ ಇಟ್ಟಿದ್ದ ನನ್ನದು. ಅವತ್ತಿಂದ ಕೆಮ್ಮು ಬಂದ್ರೆ ಐದು ದಿನ ಸಂಬಳದ ಜೊತೆ ರಜೆ ಕೊಟ್ಟೆ. ವರ್ಷಕ್ಕೆ 38,000 ಆಯ್ತು, ಕೊಟ್ಟೆ. ಆಮೇಲೆ ಭಾನುವಾರ ಬೆಂಗಳೂರಿಂದ ಬರೋ ನೆಂಟರು. ಅವರಿಗೆ ಎರಡು ವಾರ ಗೇಟ್ ಹಾಕಿದೆ.

ಬೇಲೂರು ರಸ್ತೆ: ಗೇಟ್ ಹಾಕಿದ್ದನ್ನ ಹೆಮ್ಮೆಯಿಂದ ಹೇಳ್ಬೇಡಿ ಸಾರ್. ಬೇರೆ ಕಡೆ ನಮ್ಮಪ್ಪನಿಗೂ ಹಾಗೇ ಮಾಡಿದ್ರು. ಛತ್ರಿ ಹಿಡ್ಕೊಂಡು ಗೇಟಿನಾಚೆ ನಿಂತಿದ್ದೆ, ಅಪ್ಪ ವರಾಂಡದಿಂದ ಕೈ ಬೀಸಿದ್ರು. 16 ದಿನ. ನಾನು ಹೋಗಿ ತುತ್ತು ಕೊಟ್ಟರೆ ಮಾತ್ರ ತಿನ್ನೋ ಮನುಷ್ಯ, ಏಳು ಕೆಜಿ ಇಳಿದುಹೋದ್ರು. ಆಯಾಗಳು ಮೂರು ಶಿಫ್ಟ್‌ನಲ್ಲಿ ಬಸ್ಸಲ್ಲಿ ಬಂದು ಹೋಗ್ತಿದ್ರು, ಅವರಿಗಿಲ್ಲದ ಗೇಟು ಮಗಳಿಗೆ! ಮಾಸ್ಕ್ ಕೊಟ್ಟು, ಕೈ ತೊಳೆಸಿ, ಒಬ್ಬರನ್ನ ಬಿಡೋಕೆ ಏನು ಕಷ್ಟ?

ಆಶ್ರಮ ನಡೆಸಿದವನು: ಹೆಣ ಎತ್ತಿದವನಿಗೆ ಗೊತ್ತು ತಾಯಿ. ಒಬ್ಬರನ್ನ ಬಿಟ್ಟರೆ ಹತ್ತು ಜನ ಬಂದು ಜಗಳ ತೆಗೀತಾರೆ.

ತರೀಕೆರೆ: ತಂದೆತಾಯಿನ ಮನೇಲಿ ಇಟ್ಕೊಂಡಿದ್ರೆ ಇದ್ಯಾವುದೂ ಬರ್ತಿರಲಿಲ್ಲ. ಶುಂಠಿ ಕಷಾಯ, ದಿನಕ್ಕೆ ಎರಡು ಸಲ ಹಬೆ. ನಮ್ಮಜ್ಜಿ 94 ಬದುಕಿದ್ರು.

ಬೇಲೂರು ರಸ್ತೆ: ಪಾರ್ಶ್ವವಾಯು ಹೊಡೆದ 80 ಕೆಜಿ ಮನುಷ್ಯನ ಮಗ್ಗುಲು ತಿರುಗಿಸಿದ್ದೀರಾ ಯಾವತ್ತಾದ್ರೂ? ಇಲ್ದಿದ್ರೆ ಬಾಯಿ ಮುಚ್ಕೊಂಡಿರಿ.

ನಿವೃತ್ತ ನರ್ಸ್, ಸಕಲೇಶಪುರ: ಹಬೆ ಪಾತ್ರೆ ತೊಡೆ ಮೇಲೆ ಮಗುಚಿ ಸುಟ್ಟುಕೊಂಡ ಮುದುಕರಿಗೆ ಡ್ರೆಸ್ಸಿಂಗ್ ಮಾಡಿದೀನಿ. ಕೈ ನಡುಗೋರಿಗೆ ಅದನ್ನ ಹೇಳ್ಬೇಡಿ. ನನ್ನ ಜಗಳ ಇರೋದು ಕಿಟಕಿ ಬಗ್ಗೆ. ಜುಲೈ ಬಂದ್ರೆ ನಮ್ಮ ಕಡೆ ಎಲ್ಲಾ ಕಿಟಕಿಗೂ ಪ್ಲಾಸ್ಟಿಕ್ ಹೊದಿಸಿಬಿಡ್ತಾರೆ. ಒಳಗೆ ಹೋದ್ರೆ ಗೋಡೆ ಬೆವರ್ತಿರುತ್ತೆ. ಎಂಟು ಜನರ ಉಸಿರು ಅಲ್ಲೇ ಸುತ್ತುತ್ತೆ. ಎದುರುಬದುರು ಎರಡು ಕಿಟಕಿ ನಾಲ್ಕು ಬೆರಳಷ್ಟು ತೆಗೆಸಿದೆ, 2,400 ಕೊಟ್ಟು ಎಕ್ಸಾಸ್ಟ್ ಫ್ಯಾನ್ ಹಾಕಿಸಿದೆ, ಎಲ್ಲರಿಗೂ ಎರಡೆರಡು ಕಂಬಳಿ. ಮಂಚ ದೂರ ಮಾಡಿ, ಒಬ್ಬರ ತಲೆ ಇದ್ದ ಕಡೆ ಪಕ್ಕದವರ ಕಾಲು ಬರೋ ಹಾಗೆ ತಿರುಗಿಸಿದೆ.

ತರೀಕೆರೆ: ಮಲೆನಾಡಿನ ಚಳಿಗೆ ಕಿಟಕಿ ತೆಗೆದು ಕೊಲ್ತೀರಾ?

ನಿವೃತ್ತ ನರ್ಸ್: ಕಂಬಳಿ ಅಂದಿದ್ದು ಓದಿಲ್ವಾ? 31 ವರ್ಷ ವಾರ್ಡ್‌ನಲ್ಲಿ ನಿಂತಿದೀನಿ ಕಣ್ರೀ. ಹಾಸನದವರೇ, ಮೂರು ದಿನದೊಳಗೆ ಇಬ್ಬರಿಗೆ ಬಂದ್ರೇ ಎಚ್ಚೆತ್ಕೊಬೇಕಿತ್ತು, ನಿಮ್ಮಲ್ಲಿ ಐದಾಗಿದೆ. ಇವತ್ತೇ ಡಾಕ್ಟರನ್ನ ಕರೆಸಿ ಗಂಟಲ ಸ್ವಾಬ್ ಟೆಸ್ಟ್ ಮಾಡಿಸೋಕೆ ಹೇಳಿ. ಫ್ಲೂ ಆಗಿದ್ರೆ ಒಸೆಲ್ಟಾಮಿವಿರ್ ಮಾತ್ರೆ ಮೊದಲ 48 ಗಂಟೆಯೊಳಗೆ ಶುರುವಾದ್ರೆ ಚೆನ್ನಾಗಿ ಕೆಲಸ ಮಾಡುತ್ತೆ, ಚೆನ್ನಾಗಿರೋರಿಗೂ ತಡೆಗೆ ಕೊಡೋದುಂಟು. ಡಾಕ್ಟರ್ ತೀರ್ಮಾನಿಸ್ಲಿ. ಕೆಮ್ಮೋ ಐವರನ್ನ ಒಂದೇ ರೂಮಿಗೆ ಹಾಕಿ, ಅವರನ್ನ ನೋಡ್ಕೊಳ್ಳೋ ಆಯಾ ಉಳಿದವರ ಕಡೆ ಹೋಗ್ಬಾರದು. ಅತ್ತೆ ಆಗಲೇ ಅಂಟಿಸ್ಕೊಂಡಿದ್ರೂ ಗೊತ್ತಾಗೋಕೆ ನಾಲ್ಕು ದಿನ ಹಿಡೀಬಹುದು, ಮಗು ಹತ್ರ ಕರ್ಕೊಂಡು ಹೋಗ್ಬೇಡಿ.

ಆಶ್ರಮ ನಡೆಸಿದವನು: ಬೇರೆ ರೂಮು, ಬೇರೆ ಆಯಾ ಅಂತ ಹೇಳೋದು ಸುಲಭ ಅಕ್ಕ. ರಾತ್ರಿ ಪಾಳಿಗೆ ಇರೋಳೇ ಒಬ್ಬಳು.

ಹಾಸನದ ಸೊಸೆ: ಈಗ ಆಶ್ರಮದಿಂದ ಫೋನ್ ಬಂತು. ಅತ್ತೆ ಬೆಳಿಗ್ಗೆ ತಿಂಡಿ ಬೇಡ ಅಂದ್ರಂತೆ, ಮಂಕಾಗಿ ಕೂತಿದ್ದಾರಂತೆ. ಜ್ವರ ಇಲ್ವಂತೆ. ಆಕ್ಸಿಮೀಟರ್ ತಗೊಂಡು ಹೊರಟಿದ್ದೀನಿ.

ಮೂಡಿಗೆರೆ ಮಗಳು: ಮಾಸ್ಕ್ ಹಾಕ್ಕೊಂಡು ಹೋಗಿ. ಕೈ ತಣ್ಣಗಿದ್ರೆ ನಿಮ್ಮ ಕೈಯಲ್ಲಿ ಹಿಡಿದು ಬೆಚ್ಚಗೆ ಮಾಡಿ, ಆಮೇಲೆ ಬೆರಳಿಗೆ ಹಾಕಿ. ಇಲ್ದಿದ್ರೆ ತಪ್ಪು ತೋರಿಸುತ್ತೆ. ಎಷ್ಟು ಬಂತು ಅಂತ ತಕ್ಷಣ ಬರೀರಿ, ನಾನು ಇಲ್ಲೇ ಇದ್ದೀನಿ.