ಸಹಾಯ ಬೇಕು: ವಿಂಡ್ ಟನಲ್‌ನಲ್ಲಿ ಕಡ್ಡಿಯ ಡ್ರ್ಯಾಗ್ ಕಳೆಯುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಕಾಲೇಜಿನಲ್ಲಿರುವ, ಗಾಳಿ ಹಾಯಿಸಿ ಪರೀಕ್ಷಿಸುವ ಕೊಳವೆಯಾದ ವಿಂಡ್ ಟನಲ್‌ನಲ್ಲಿ 5 ಸೆಂಟಿಮೀಟರ್ ವ್ಯಾಸದ ಚಪ್ಪಟೆ ಬಿಲ್ಲೆ, ಗೋಳ ಮತ್ತು ಹನಿಯಾಕಾರದ ಮಾದರಿಗಳ ಡ್ರ್ಯಾಗ್ (ಬೀಸುವ ಗಾಳಿ ಅವುಗಳನ್ನು ಹಿಂದಕ್ಕೆ ತಳ್ಳುವ ಬಲ) ಅಳೆಯುತ್ತಿದ್ದೇನೆ. ಗಾಳಿಯ ವೇಗ ಸೆಕೆಂಡಿಗೆ 20 ಮೀಟರ್. ಬಿಲ್ಲೆಯ ಡ್ರ್ಯಾಗ್ ಗುಣಾಂಕ (ಆಕಾರವೊಂದು ಗಾಳಿಗೆ ಎಷ್ಟು ಅಡ್ಡಿಯಾಗುತ್ತದೆ ಎಂದು ಹೇಳುವ ಸಂಖ್ಯೆ) 1.1ರ ಆಸುಪಾಸು, ಗೋಳದ್ದು 0.5ರ ಹತ್ತಿರ ಬಂತು. ಪುಸ್ತಕದ ಲೆಕ್ಕಕ್ಕೆ ಹೊಂದುತ್ತದೆ.

ಕಾಡುತ್ತಿರುವುದು ಹನಿ. ಅದರ ಗುಣಾಂಕ 0.05ರಷ್ಟಿರಬೇಕು, ಅಂದರೆ ಬಲ ಎರಡು ಮೂರು ಗ್ರಾಂ ತೂಕದಷ್ಟೇ. ಅದನ್ನು ಹಿಡಿದಿರುವ 6 ಮಿಲಿಮೀಟರ್ ದಪ್ಪದ ಕಡ್ಡಿಯ ಮೇಲೆ ಅದರ ಹತ್ತು ಪಟ್ಟು ಬಲ ಬೀಳುತ್ತದೆ. ಮೂಗಿಗಿಂತ ಮೂಗುತಿ ಭಾರ! ಕಡ್ಡಿಯೊಂದನ್ನೇ ನಿಲ್ಲಿಸಿ ಅಳೆದು ಕಳೆದರೆ ಉತ್ತರ ಸೊನ್ನೆಗಿಂತ ಕೆಳಗೆ ಹೋಗುತ್ತದೆ.

ಕಡ್ಡಿಗೆ ತಾಗದಂತೆ ಸುತ್ತ ಹೊದಿಕೆ ನಿಲ್ಲಿಸಲೇ, ಇಲ್ಲ ಮಾದರಿಯನ್ನು ಬಾಲದ ಕಡೆಯಿಂದ ಹಿಡಿಯಲೇ? ಕಡ್ಡಿ ಕೂರಿಸಲು ಬಾಲ ಕತ್ತರಿಸಿದರೆ ಆಕಾರವೇ ಕೆಡುವ ಭಯ. ಮಾಡಿ ನೋಡಿದವರು ದಯವಿಟ್ಟು ತಿಳಿಸಿ. ಸೋಮವಾರ ಸಂಜೆಯವರೆಗೆ ಮಾತ್ರ ಲ್ಯಾಬ್ ಸಿಗುತ್ತದೆ.