ಪರ್ಸೆಂಟ್ ಇಳಿಸಿದ್ರು, ಅಂಗವಿಕಲರ ಪಗಾರ ನಿಂತೈತಿ: ಮೇಲ್ಮನವಿ ಎಲ್ಲಿ ಹಾಕಬೇಕು?

ಭತ್ತದ ಸೀಮಿ

ತಿಳಿದವರು ಹೇಳ್ರಿ. ನಮ್ಮ ಸೋದರಮಾವಾರ ವಿಷಯ, ತುಂಗಭದ್ರಾ ಎಡದಂಡೆ ಕಾಲುವಿ ಕಡೆಯವರು. ವಯಸ್ಸು 52, ರೈಸ್ ಮಿಲ್ಲಿನಾಗ ಹಮಾಲಿ ಮಾಡ್ತಿದ್ರು. ಬಲಗಾಲಿನ ತೊಡಿ ಎಲುಬು ಮುರಿದು ಪ್ಲೇಟ್ ಹಾಕ್ಯಾರ. ಆ ಕಾಲು ಈಗ ಒಂದೂವರೆ ಇಂಚು ಗಿಡ್ಡ, ಮೊಣಕಾಲು ಅರ್ಧದ ಮ್ಯಾಲೆ ಮಡಚಂಗಿಲ್ಲ, ಕೋಲು ಬೇಕೇ ಬೇಕು.

ಮೊದಲು 45% ಅಂಗವೈಕಲ್ಯ ಅಂತ ತಾತ್ಕಾಲಿಕ ಪ್ರಮಾಣಪತ್ರ ಇತ್ತು, ತಿಂಗಳಿಗೆ 800 ರೂಪಾಯಿ ಸರ್ಕಾರದ ಪಗಾರ (ಮಾಸಾಶನ) ಬರ್ತಿತ್ತು. ಅವಧಿ ಮುಗಿದ ಮ್ಯಾಲೆ ಮತ್ತ ವೈದ್ಯಕೀಯ ಬೋರ್ಡಿಗೆ ಹೋದ್ರ 36% ಅಂತ ಬರದಾರ. ಪಗಾರ ನಿಂತುಹೋತು. ಕಾಲು ಏನೂ ಸುಧಾರಿಸಿಲ್ಲ.

ತಹಶೀಲ್ದಾರ್ ಕಚೇರಿಗೆ ಅರ್ಜಿ ಕೊಟ್ರ ಆಗ್ತದೋ, ಎ.ಸಿ. (ಉಪವಿಭಾಗಾಧಿಕಾರಿ) ಕಡೆ ಹೋಗಬೇಕೋ? ನಿಂತ ತಿಂಗಳ ಬಾಕಿ ಸಿಗ್ತದೇನು? ಏಜೆಂಟ್ ಒಬ್ಬ ರೊಕ್ಕ ಕೊಟ್ರ 50% ಮಾಡಿಸಿಕೊಡ್ತೀನಿ ಅಂತಾನ.

ಹಿಂಬರಹ

ಇಲ್ಲಿ ನಿರ್ಧಾರ ಒಂದಲ್ಲ, ಎರಡು. 36% ಎಂದದ್ದು ವೈದ್ಯಕೀಯ ಮಂಡಳಿ. ಪಗಾರ ನಿಲ್ಲಿಸಿದ್ದು ಕಂದಾಯ ಇಲಾಖೆ. ತಹಶೀಲ್ದಾರರಿಗಾಗಲಿ ಉಪವಿಭಾಗಾಧಿಕಾರಿಗಾಗಲಿ ಪರ್ಸೆಂಟ್ ತಿದ್ದುವ ಅಧಿಕಾರವಿಲ್ಲ. "ಕಾಲು ಸುಧಾರಿಸಿಲ್ಲ" ಎಂದು ಎ.ಸಿ.ಗೆ ಬರೆದ ಅರ್ಜಿಗಳು ತಿಂಗಳುಗಟ್ಟಲೆ ಕೂತು, "ಪ್ರಮಾಣಪತ್ರ 40%ಗಿಂತ ಕಡಿಮೆ ಇದೆ" ಎಂಬ ಒಂದೇ ಸಾಲಿನ ಹಿಂಬರಹದೊಂದಿಗೆ ವಾಪಸ್ ಬರುತ್ತವೆ. ಆದ್ದರಿಂದ ಮೊದಲು ಪರ್ಸೆಂಟ್, ಆಮೇಲೆ ಪಗಾರ.

ಪರ್ಸೆಂಟ್ ವಿಷಯಕ್ಕೆ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 59ನೇ ಕಲಂ ಇದೆ. ಪ್ರಮಾಣಪತ್ರ ಕೊಟ್ಟ ಪ್ರಾಧಿಕಾರದ ನಿರ್ಧಾರ ಒಪ್ಪಿಗೆಯಾಗದಿದ್ದರೆ, ರಾಜ್ಯ ಸರ್ಕಾರ ನೇಮಿಸಿದ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು. ಇದಕ್ಕೆ ಕಾಲಮಿತಿ ಇರುತ್ತದೆ, ತಡಮಾಡಬೇಡಿ. ಅರ್ಜಿಯನ್ನು ಜಿಲ್ಲಾ ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಮೂಲಕವೇ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸೀಲು, ದಿನಾಂಕ ಹಾಕಿಸಿಕೊಳ್ಳಿ. ಬಾಯಿಮಾತಿನಲ್ಲಿ "ಬಿಟ್ಟು ಹೋಗ್ರಿ, ನೋಡ್ತೀವಿ" ಅಂದರೆ ಬಿಟ್ಟು ಬರಬೇಡಿ.

ಇದರ ಜೊತೆಗೇ ಮಂಡಳಿ ತುಂಬಿದ ಮೌಲ್ಯಮಾಪನ ಹಾಳೆಯ ನಕಲು ಪಡೆಯಿರಿ. ನೇರ ಕೇಳಿದರೆ ಕೊಡದಿದ್ದರೆ ಆಸ್ಪತ್ರೆಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಆರ್‌ಟಿಐ ಹಾಕಿ. ಶುಲ್ಕ 10 ರೂಪಾಯಿ, ಬಿಪಿಎಲ್ ಕಾರ್ಡಿನ ನಕಲು ಇಟ್ಟರೆ ಅದೂ ಇಲ್ಲ. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಹಾಗಾಗಿ ಮಾವನ ಕಷ್ಟವನ್ನೆಲ್ಲ ಅದರಲ್ಲಿ ಬರೆಯಬೇಡಿ. "ಇಂಥ ದಿನಾಂಕದ ಇಂಥ ಸಂಖ್ಯೆಯ ಪ್ರಮಾಣಪತ್ರಕ್ಕೆ ಆಧಾರವಾದ ಮೌಲ್ಯಮಾಪನ ಹಾಳೆಯ ದೃಢೀಕೃತ ನಕಲು" ಎಂದಷ್ಟೇ ಸಾಕು. 30 ದಿನದಲ್ಲಿ ಉತ್ತರ ಬರಬೇಕು. ಹಳೆಯ 45%ರ ಹಾಳೆಗೆ ಬೇರೆ ಅರ್ಜಿ. ಎರಡೂ ಕೈಗೆ ಬಂದರೆ ಯಾವ ಸಾಲಿನಲ್ಲಿ ಅಂಕ ಇಳಿಯಿತು ಅನ್ನುವುದು ಕಣ್ಣಿಗೆ ಕಾಣುತ್ತದೆ. ಆರ್‌ಟಿಐ ಉತ್ತರ ಕಾಯುತ್ತ ಮೇಲ್ಮನವಿಯ ದಿನ ಮಾತ್ರ ಕಳೆದುಕೊಳ್ಳಬೇಡಿ. ಮೇಲ್ಮನವಿ ಮೊದಲು ಹಾಕಿ, ಹಾಳೆಯನ್ನು ಆಮೇಲೆ ಸೇರಿಸಬಹುದು.

ಕೀಲು ಮೂಳೆ

ಮೇಲಿನವರು ಹೇಳಿದ ಹಾಳೆಯಲ್ಲಿ ಏನು ನೋಡಬೇಕು ಅನ್ನುವುದನ್ನು ನಾನು ಬರೀತೀನಿ. ಬಹಳ ಮಂದಿ ಎಡವೋದು ಇಲ್ಲೇ.

ಕಾಲಿನ ಲೆಕ್ಕಕ್ಕೆ ಎರಡು ಭಾಗ: ಚಲನೆ ಮತ್ತು ಸ್ಥಿರತೆ. ಒಂದೊಂದಕ್ಕೂ ಗರಿಷ್ಠ 90. ಚಲನೆಯೊಳಗೆ ಕೀಲು ಎಷ್ಟು ತಿರುಗ್ತದೆ, ಸ್ನಾಯುವಿನ ಬಲ ಎಷ್ಟು ಅಂತ ನೋಡ್ತಾರೆ. ಸೊಂಟ, ಮೊಣಕಾಲು, ಪಾದದ ಕೀಲು ಮೂರಕ್ಕೂ ಸಮಪಾಲು, ತಲಾ 30. ಅಂದರೆ ಮೊಣಕಾಲಿನ ಚಲನೆ ಅರ್ಧ ಹೋಗಿದ್ದರೆ ಅದರಿಂದ ಸಿಗೋದು 15 ಮಾತ್ರ. "ಮೊಣಕಾಲೇ ಮಡಚಲ್ಲ, ಇಷ್ಟೇನಾ?" ಅಂತ ಜನ ಸಿಟ್ಟಾಗ್ತಾರೆ, ಆದರೆ ಕೋಷ್ಟಕ ಇರೋದೇ ಹಾಗೆ. ಸ್ಥಿರತೆಯಲ್ಲಿ ಸಮನೆಲದ ಮೇಲೆ ನಡೆಯೋದು, ಇಳಿಜಾರಿನಲ್ಲಿ ನಡೆಯೋದು, ಮೆಟ್ಟಿಲು ಹತ್ತೋದು, ಎರಡೂ ಕಾಲ ಮೇಲೆ ನಿಲ್ಲೋದು, ಪೆಟ್ಟಾದ ಕಾಲೊಂದರ ಮೇಲೆ ನಿಲ್ಲೋದು, ಕುಕ್ಕರಗಾಲಲ್ಲಿ ಕೂರೋದು, ಚಕ್ಕಳ ಮಕ್ಕಳ ಹಾಕೋದು, ಮಂಡಿಯೂರೋದು, ತಿರುಗೋದು, ಹೀಗೆ ಒಂಬತ್ತು ಕೆಲಸ, ಒಂದೊಂದಕ್ಕೆ 10.

ಇವನ್ನು ನೇರವಾಗಿ ಕೂಡಿಸಲ್ಲ. ದೊಡ್ಡದು ಎ, ಸಣ್ಣದು ಬಿ ಅಂದರೆ: ಎ + ಬಿ × (90 − ಎ) ÷ 90. ಸ್ಥಿರತೆ 20, ಚಲನೆ 15 ಬಂತು ಅಂದುಕೊಳ್ಳಿ. 20 + 15 × 70 ÷ 90, ಸುಮಾರು 31.7.

ಇದರ ಮೇಲೆ ಹೆಚ್ಚುವರಿ ಅಂಕ. ಕಾಲು ಗಿಡ್ಡವಾಗಿದ್ದರೆ ಮೊದಲ ಅರ್ಧ ಇಂಚಿಗೆ ಏನೂ ಇಲ್ಲ, ಆಮೇಲಿನ ಪ್ರತಿ ಅರ್ಧ ಇಂಚಿಗೆ 4. ಒಂದೂವರೆ ಇಂಚಿಗೆ 8. ಅಲ್ಲಿಗೆ 39.7! ನೋವು ಕಡಿಮೆ ಇದ್ದರೂ 3, ಮಧ್ಯಮವಾದರೆ 6, ತೀವ್ರವಾದರೆ 9. ಕಾಲು ಸೊಟ್ಟಗಾಗಿದ್ದರೆ, ಸ್ಪರ್ಶ ಹೋಗಿದ್ದರೆ ಅದಕ್ಕೂ ಅಂಕ ಉಂಟು. ಗಿಡ್ಡತನ ಬಿಟ್ಟು ಉಳಿದ ಹೆಚ್ಚುವರಿ ಎಲ್ಲ ಸೇರಿ 10 ಮೀರಂಗಿಲ್ಲ. ಅಂದರೆ ಈ ಉದಾಹರಣೆಯಲ್ಲಿ ನೋವಿನ ಸಾಲು ಖಾಲಿ ಬಿಟ್ಟರೆ 40ರ ಕೆಳಗೆ, ತುಂಬಿದರೆ ಮೇಲೆ. ನಿಮ್ಮ ಮಾವನ 36 ಹ್ಯಾಂಗ ಬಂತು ಅನ್ನೋದು ಹಾಳೆ ನೋಡದೆ ಹೇಳಲಾಗಲ್ಲ. ಆದರೆ ನಾನಾದರೆ ಮೊದಲು ಗಿಡ್ಡತನದ ಸಾಲು ನೋಡ್ತೀನಿ. ಗದ್ದಲದ ದಿನ ಟೇಪು ಹಿಡಿಯದೇ ಕಣ್ಣಂದಾಜಲ್ಲಿ ಬರೆಯೋದು ಅಪರೂಪವೇನಲ್ಲ.

ಮರುಪರೀಕ್ಷೆಗೆ ಕರೆದರೆ ಎರಡೂ ಕಾಲಿನ ಪೂರ್ತಿ ಉದ್ದದ ಎಕ್ಸ್‌ರೇ (ಸ್ಕ್ಯಾನೋಗ್ರಾಂ), ಆಪರೇಷನ್ ಟಿಪ್ಪಣಿ, ಡಿಸ್ಚಾರ್ಜ್ ಸಾರಾಂಶ, ಮತ್ತು ಮೂಳೆ ವೈದ್ಯರ ಇತ್ತೀಚಿನ ಚೀಟಿ ಒಯ್ಯಿರಿ. ಚೀಟಿಯಲ್ಲಿ ಮೊಣಕಾಲು ಎಷ್ಟು ಡಿಗ್ರಿ ಮಡಚುತ್ತದೆ, ಎಷ್ಟು ಸೆಂಟಿಮೀಟರ್ ಗಿಡ್ಡ ಅನ್ನೋದು ಅಂಕಿಯಲ್ಲೇ ಇರಲಿ. "ನಡೆಯಲು ತೊಂದರೆ" ಅಂತ ಬರೆದ ಚೀಟಿ ಉಪಯೋಗಕ್ಕೆ ಬರಲ್ಲ. ಎತ್ತರದ ಅಟ್ಟೆಯ ಚಪ್ಪಲಿ ಹಾಕ್ತಿದ್ದರೆ ತೆಗೆದು ಅಳೆಸಬೇಕು. ಬೋರ್ಡಿನ ಮುಂದೆ ಮರ್ಯಾದಿಗೆ ಅಂತ ಕೋಲು ಹೊರಗಿಟ್ಟು ನೆಟ್ಟಗೆ ನಡೆಯುವ ಹಿರಿಯರಿದ್ದಾರೆ. ಹಾಗೆ ಮಾಡಬೇಡಿ ಅಂತ ಮೊದಲೇ ಹೇಳಿರಿ. ದಿನಾ ಹ್ಯಾಂಗ ನಡೀತಾರೋ ಹಂಗೇ ನಡೀಲಿ, ಇದ್ದದ್ದಕ್ಕಿಂತ ಹೆಚ್ಚು ನಟನೆಯೂ ಬೇಡ, ವೈದ್ಯರಿಗೆ ತಕ್ಷಣ ಗೊತ್ತಾಗ್ತದೆ.

ಭತ್ತದ ಸೀಮಿ

ನೋವಿನದು ಯಾರೂ ಕೇಳೇ ಇಲ್ಲ ಅಂತಾರ ಮಾವ. ಹಾಳಿ ತೆಗಸ್ತೀನಿ. ಏಜೆಂಟನ ಮಾತು, ಬಾಕಿ ಪಗಾರ, ಆಮೇಲೆ ಬಸ್ ಪಾಸು, ರೈಲು? 36% ಮ್ಯಾಲೆ ಇವೇನರ ಸಿಗ್ತಾವೇನ್ರಿ?

ಮಸ್ಕಿ ಕಡೆಯಾಂವ

ಏಜೆಂಟನ್ನ ಹತ್ರಕ್ಕೂ ಬಿಡಬ್ಯಾಡ್ರಿ. ಅದೇ ಕಾಯ್ದೆಯ 91ನೇ ಕಲಂ ಪ್ರಕಾರ ಮೋಸದಿಂದ ಸೌಲಭ್ಯ ತಗೊಂಡ್ರ ಎರಡು ವರ್ಷದ ತನಕ ಜೈಲು, ಇಲ್ಲಾ ಒಂದು ಲಕ್ಷದ ತನಕ ದಂಡ, ಇಲ್ಲಾ ಎರಡೂ. ಸಿಕ್ಕಿಬೀಳಾಂವ ಏಜೆಂಟಲ್ಲ, ನಿಮ್ಮ ಮಾವ. ನಿಜವಾಗಿ ಹಕ್ಕಿರೋ ಮನುಷ್ಯ ಸುಳ್ಳು ಕಾಗದದಾಗ ಯಾಕ ಬೀಳಬೇಕು? ಪುಕ್ಕಟೆ ಸಹಾಯಕ್ಕ ಪಂಚಾಯ್ತಿಯೊಳಗ ವಿ.ಆರ್.ಡಬ್ಲ್ಯೂ., ತಾಲ್ಲೂಕು ಪಂಚಾಯ್ತಿಯೊಳಗ ಎಂ.ಆರ್.ಡಬ್ಲ್ಯೂ. ಅಂತ ಅಂಗವಿಕಲರ ಪುನರ್ವಸತಿ ಕಾರ್ಯಕರ್ತರು ಇರ್ತಾರ. ಬೋರ್ಡು ಯಾವ ವಾರ ಕೂಡ್ತದ, ಯುಡಿಐಡಿ (ಅಂಗವಿಕಲರ ಗುರುತಿನ ಕಾರ್ಡು) ಅರ್ಜಿ ಎಲ್ಲಿ ಸಿಕ್ಕೊಂಡೈತಿ ಅನ್ನೋದು ಅವರಿಗೆ ಗೊತ್ತಿರ್ತದ.

ಇನ್ನೊಂದು ದಾರಿ ಐತಿ. ಈ ಪರೀಕ್ಷೆ ಆದಮ್ಯಾಲೆ ಕಾಲು ಇನ್ನೂ ಕೆಟ್ಟಿದ್ರ, ಉದಾಹರಣೆಗೆ ಪ್ಲೇಟ್ ಸಡ್ಲಾಗೇತಿ, ಸೊಂಟಕ್ಕೂ ಹಿಡದೈತಿ ಅಂದ್ರ, ಮೇಲ್ಮನವಿಗಿಂತ ಹೊಸ ದಾಖಲಿ ಹಚ್ಚಿ ಯುಡಿಐಡಿ ಪೋರ್ಟಲಿನಾಗ ಮರುಮೌಲ್ಯಮಾಪನಕ್ಕ ಹಾಕೋದು ಚಲೋ. ಕಾಲು ಹಂಗೇ ಐತಿ, ಲೆಕ್ಕ ತಪ್ಪೈತಿ ಅಂದ್ರ ಮಾತ್ರ ಮೇಲ್ಮನವಿ.

ಕೆ.ಕೆ.ಆರ್.ಟಿ.ಸಿ. (ಕಲ್ಯಾಣ ಕರ್ನಾಟಕ ಸಾರಿಗೆ) ರಿಯಾಯಿತಿ ಬಸ್ ಪಾಸಿಗೆ 40% ಬೇಕೇ ಬೇಕು. ವರ್ಷಕ್ಕ 660 ರೂಪಾಯಿ, ಇರೋ ಊರಿಂದ 100 ಕಿ.ಮೀ. ತನಕ, ಸರ್ಕಾರದ ಸೇವಾ ಸಿಂಧು ಪೋರ್ಟಲಿನಾಗ ಅರ್ಜಿ. ರೈಲಿಗೆ ಅಳತಿ ಬ್ಯಾರೆ: ಜೊತೆಗೊಬ್ಬರಿಲ್ಲದೆ ಪ್ರಯಾಣ ಮಾಡಾಕ ಆಗಂಗಿಲ್ಲ ಅಂತ ಸರ್ಕಾರಿ ವೈದ್ಯರು ರೈಲ್ವೆಯ ನಮೂನೆದಾಗ ಬರಕೊಡಬೇಕು. ಬಳ್ಳಾರಿ, ಕೊಪ್ಪಳದವರಿಗೆ ಹುಬ್ಬಳ್ಳಿ ವಿಭಾಗ, ರಾಯಚೂರಿನವರಿಗೆ ಗುಂತಕಲ್ ವಿಭಾಗ.

ಹಿಂಬರಹ

ಬಾಕಿಯ ಬಗ್ಗೆ. ಪಗಾರ ನಿಲ್ಲಿಸಿದ್ದಕ್ಕೆ ಲಿಖಿತ ಆದೇಶ ಇದೆಯೇ? ಇಲ್ಲದಿದ್ದರೆ ಈಗಲೇ ತಹಶೀಲ್ದಾರರಿಗೆ ಒಂದು ಅರ್ಜಿ ಕೊಟ್ಟು, ಕಾರಣ ಬರೆದ ಹಿಂಬರಹ ಕೇಳಿ. ಮಂಜೂರಾತಿ ಆದೇಶದ ಸಂಖ್ಯೆಯನ್ನು ತಪ್ಪದೇ ಹಾಕಿ. ಮೇಲ್ಮನವಿಯಲ್ಲಿ ಪರ್ಸೆಂಟ್ 40 ದಾಟಿದ ಮೇಲೆ ಆ ಆದೇಶ ಇಟ್ಟುಕೊಂಡು ಎ.ಸಿ. ಮುಂದೆ ಹೋಗಿ. ಸಿಂಧನೂರು, ಲಿಂಗಸುಗೂರಿನವರಿಗೆ ಲಿಂಗಸುಗೂರು, ಕೊಪ್ಪಳ ಜಿಲ್ಲೆಯವರಿಗೆ ಕೊಪ್ಪಳ. ಕೋರಿಕೆಯ ಸಾಲಿನಲ್ಲಿ "ಸ್ಥಗಿತಗೊಂಡ ತಿಂಗಳಿಂದ ಬಾಕಿ ಸಹಿತ ಮರುಚಾಲನೆ" ಎಂದು ಸ್ಪಷ್ಟವಾಗಿ ಬರೆಯದಿದ್ದರೆ ಆದೇಶದ ದಿನದಿಂದಷ್ಟೇ ಶುರುವಾಗುತ್ತದೆ.

ಮರುಚಾಲನೆ ಬಿಟ್ಟು ನಾಡಕಚೇರಿಯಲ್ಲಿ ಹೊಸ ಅರ್ಜಿ ಹಾಕಿ ಎಂದರೆ ಬಾಕಿ ಹೋದ ಹಾಗೆಯೇ. ಆದರೂ ಹಾಕಬೇಕಾಗಿ ಬಂದರೆ 15 ಅಂಕಿಯ ಸಕಾಲ ಸಂಖ್ಯೆಯ ರಸೀದಿ ಕಳೆಯಬೇಡಿ. ತಿರಸ್ಕರಿಸಿದರೆ 30 ದಿನದೊಳಗೆ ಸಕಾಲದಡಿ ಮೇಲ್ಮನವಿ ಇದೆ. ಕುಟುಂಬದ ವಾರ್ಷಿಕ ಆದಾಯ 32,000 ಮೀರಿದೆ ಎಂಬ ಒಂದೇ ಕಾರಣಕ್ಕೆ ಬಿದ್ದುಹೋಗುವ ಅರ್ಜಿಗಳು ಬಹಳ. ಆದಾಯ ಪ್ರಮಾಣಪತ್ರಕ್ಕೆ ಐದು ವರ್ಷದ ಅವಧಿ, ಮುಗಿದಿದೆಯೇ ನೋಡಿ.

ಕೊನೆಗೆ ಬ್ಯಾಂಕು. ಪಗಾರ ಬರುವುದು ಆಧಾರ್ ಕೊನೆಯ ಬಾರಿ ಜೋಡಣೆಯಾದ ಖಾತೆಗೆ, ಅರ್ಜಿಯಲ್ಲಿ ಬರೆದ ಖಾತೆಗಲ್ಲ. ನಡುವೆ ಬೇರೆ ಬ್ಯಾಂಕಿನಲ್ಲಿ ಖಾತೆ ತೆರೆದಿದ್ದರೆ ಹಣ ಅಲ್ಲಿಗೆ ಹೋಗಿರಬಹುದು. ಪಾಸ್‌ಬುಕ್ಕು ಎಂಟ್ರಿ ಮಾಡಿಸಿ, ಪಗಾರ ಯಾವ ತಿಂಗಳಿಂದ ನಿಂತಿದೆ ಎಂಬುದನ್ನು ಅದರಿಂದಲೇ ಅರ್ಜಿಯಲ್ಲಿ ಬರೆಯಿರಿ. ಯುಡಿಐಡಿಯಲ್ಲಿ, ಆಧಾರ್‌ನಲ್ಲಿ ಹೆಸರಿನ ಇನಿಷಿಯಲ್ ಬೇರೆ ಬೇರೆ ಇದ್ದರೆ ಮೊದಲು ಅದನ್ನು ಸರಿಮಾಡಿಸಿ.